ಕೇಳುವ ಹವ್ಯಾಸಕ್ಕೆ ವಾರಸುದಾರರು ಯಾರು?

ಒಂದು ಜೋಡಿ ಸ್ಪೀಕರಿಗೆ ಹತ್ತು ಲಕ್ಷ ರೂಪಾಯಿ, ಆಂಪ್ಲಿಫೈಯರಿಗೂ ಹೆಚ್ಚುಕಡಿಮೆ ಅಷ್ಟೇ, ಎರಡನ್ನೂ ಜೋಡಿಸುವ ತಂತಿಗೆ ಮೋಟರ್ ಸೈಕಲ್ಲಿನ ಬೆಲೆ. ಹೈ-ಎಂಡ್ ಆಡಿಯೊ ಎಂಬ ಹವ್ಯಾಸ ಹೊರಗಿನವರ ಕಣ್ಣಿಗೆ ಬೀಳುವುದು ಹೀಗೆ. ಒಳಗಿನವರ ಚಿಂತೆ ಬೇರೆಯೇ ಇದೆ. ಸ್ಟೀರಿಯೊ ಎಲ್.ಪಿ. ತಟ್ಟೆಗಳು ಮಾರುಕಟ್ಟೆಗೆ ಬಂದದ್ದು 1958ರ ಸುಮಾರಿಗೆ. ಜೆ. ಗಾರ್ಡನ್ ಹೋಲ್ಟ್ ಅಮೆರಿಕದಲ್ಲಿ ‘ಸ್ಟೀರಿಯೊಫೈಲ್’ ಪತ್ರಿಕೆ ಶುರು ಮಾಡಿದ್ದು 1962ರಲ್ಲಿ. ಆ ಅಲೆಯಲ್ಲಿ ಬೆಳೆದವರಿಗೆ ಈಗ ಎಪ್ಪತ್ತು ದಾಟಿದೆ. ಅವರ ಮಕ್ಕಳು ಫೋನಿನಲ್ಲಿ ಹಾಡು ಕೇಳುತ್ತಾರೆ, ಮೊಮ್ಮಕ್ಕಳು ಹಾಡಿನ ತುಣುಕು ಕೇಳುತ್ತಾರೆ. ಹಾಗಾದರೆ ಈ ಹವ್ಯಾಸ ಅವರ ತಲೆಮಾರಿನೊಂದಿಗೇ ಮುಗಿಯಿತೆ? ಬೆಂಗಳೂರಿನ ಶೋರೂಮಿನಲ್ಲಿ ನಿಂತು ಕೇಳಿಕೊಂಡರೆ ಉತ್ತರ ನಿರಾಶೆಯದ್ದೇ. ಯಾದಗಿರಿ ತಾಲ್ಲೂಕಿನ ರಾಮಸಮುದ್ರದಂಥ ಊರಿನಿಂದ ನೋಡಿದರೆ ಚಿತ್ರ ಬದಲಾಗುತ್ತದೆ. ಇಂಥ ಊರಿಗೆ ಹೈ-ಎಂಡ್ ಅಂಗಡಿ ಎಂದೂ ಬರಲಿಲ್ಲ, ಆದರೆ ಕೇಳುವವರಿಗೆ ಎಂದೂ ಬರವಿರಲಿಲ್ಲ. ಮುಪ್ಪಾಗುತ್ತಿರುವುದು ಕೊಳ್ಳುವ ಒಂದು ಪದ್ಧತಿಗೆ ಮಾತ್ರ. ಒಳ್ಳೆಯ ಧ್ವನಿ ಕೇಳಿಸುವ ಯಂತ್ರ ಇಂದಿನಷ್ಟು ಅಗ್ಗವಾಗಿ ಹಿಂದೆಂದೂ ಸಿಕ್ಕಿರಲಿಲ್ಲ. ಕೊರತೆ ಇರುವುದು ಆ ಯಂತ್ರದಲ್ಲಿ ಹಾಕಿ ಕೇಳಲು ತಕ್ಕ ಧ್ವನಿಮುದ್ರಣಕ್ಕೆ, ಅದರಲ್ಲೂ ನಮ್ಮ ಸೀಮೆಯ ಧ್ವನಿಮುದ್ರಣಕ್ಕೆ. ಹವ್ಯಾಸದ ಮುಂದಿನ ದಾರಿ ಅಲ್ಲಿಂದಲೇ ಹೊರಡಬೇಕು.

ಕನ್ನಡ ನಾಡಿನಲ್ಲಿ ಈ ಹವ್ಯಾಸದ ದೊಡ್ಡ ಹೆಸರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರದು. 1940ರ ದಶಕದಲ್ಲಿ ಲಂಡನ್ನಿನ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದಾಗ ಅರಮನೆಯಲ್ಲಿ ಅಪಾರ ತಟ್ಟೆಗಳ ಸಂಗ್ರಹವನ್ನೂ ಬಗೆಬಗೆಯ ಸ್ಪೀಕರುಗಳ ಸಾಲನ್ನೂ ಕಂಡು ಬೆರಗಾದರು. ಆಗ ಮಹಾರಾಜರಿಗೆ ಮೂವತ್ತೂ ತುಂಬಿರಲಿಲ್ಲ. ಹಣ, ವಿಶಾಲ ಕೋಣೆ, ವಿದೇಶದಿಂದ ತರಿಸಿದ ಯಂತ್ರ, ಒಂಟಿಯಾಗಿ ಕೂತು ಕೇಳುವ ಬಿಡುವು: ಹವ್ಯಾಸಕ್ಕೆ ಬೇಕೆಂದು ಇಂದಿಗೂ ಎಣಿಸುವ ಎಲ್ಲವೂ ಅಲ್ಲಿತ್ತು. ಆದರೆ ಮಹಾರಾಜರು ಅಷ್ಟಕ್ಕೇ ನಿಲ್ಲಲಿಲ್ಲ. ಲಂಡನ್ನಿನಲ್ಲಿ ಬಡತನ ಮತ್ತು ಕಾಯಿಲೆಯಲ್ಲಿ ದಿನ ದೂಡುತ್ತಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರನ ಕೃತಿಗಳನ್ನು ಅವನೇ ನುಡಿಸಿ ಧ್ವನಿಮುದ್ರಿಸುವಂತೆ ಮೆಟ್ನರ್ ಸೊಸೈಟಿಗೆ ಹಣ ಕೊಟ್ಟರು. ಎಚ್.ಎಂ.ವಿ. ಆ ತಟ್ಟೆಗಳನ್ನು ಹೊರತಂದಿತು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿ 1951ರಲ್ಲಿ ತೀರಿಕೊಂಡ. ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಹಾಡಲ್ಪಟ್ಟಾಗಲೂ ಹಿಂದೆ ನಿಂತದ್ದು ಮೈಸೂರಿನ ಹಣವೇ. ಅರಮನೆಯ ಸ್ಪೀಕರುಗಳ ಹೆಸರನ್ನು ಇಂದು ಯಾರೂ ನೆನೆಯುವುದಿಲ್ಲ. ಮೆಟ್ನರ್ ತನ್ನ ಕೈಯಾರೆ ನುಡಿಸಿದ್ದು ಮಾತ್ರ ಇಂದಿಗೂ ಉಳಿದಿದೆ, ಪಿಯಾನೊ ಕಲಿಯುವವರು ಅದನ್ನು ಹುಡುಕಿ ಕೇಳುತ್ತಾರೆ. ಈ ಹವ್ಯಾಸ ಜಗತ್ತಿಗೆ ಬಿಟ್ಟುಹೋಗುವ ಆಸ್ತಿ ಯಾವುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಈಗ ಅರಮನೆಯಿಂದ ಬೀದಿಗೆ ಬರೋಣ. ಗದಗ ಸೀಮೆಯ ಹುಡುಗ ಭೀಮಸೇನ ಜೋಶಿ ಅಂಗಡಿಯೊಂದರ ಗ್ರಾಮೊಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿ ಕೇಳಿ, ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೊರಟ ಕಥೆ ನಾಡಿಗೆಲ್ಲ ಗೊತ್ತು. ಕೊನೆಗೆ ಅವರು ಸೇರಿದ್ದು ಅದೇ ಖಾನರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರ ಬಳಿ. 78 ವೇಗದ ಆ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಮೂರೂಕಾಲು ನಿಮಿಷ. ಕರಕರ ಸದ್ದು, ಕಹಳೆಯ ಮೂಗುಧ್ವನಿ ಬೇರೆ. ಅಂಥ ಕೆಟ್ಟ ಯಂತ್ರವೇ ಒಬ್ಬ ಭೀಮಸೇನರನ್ನು ಕೊಟ್ಟಿರುವಾಗ ಒಳ್ಳೆಯ ಯಂತ್ರದ ಹಂಬಲ ಯಾಕೆ ಎಂದು ಕೇಳುವವರಿದ್ದಾರೆ. ಮಾತು ಮೇಲುನೋಟಕ್ಕೆ ಸರಿ. ಆದರೆ ಆ ಹುಡುಗನ ಕಿವಿಗೆ ಬಿದ್ದದ್ದು ಆ ಕಾಲದ ಅತಿ ಶ್ರೇಷ್ಠ ಗಾಯಕರೊಬ್ಬರ ಧ್ವನಿ, ಆ ಕಾಲದ ಅತ್ಯುತ್ತಮ ತಂತ್ರದಲ್ಲಿ ಹಿಡಿದದ್ದು. ಮೂಲ ಗಟ್ಟಿಯಾಗಿದ್ದರೆ ಬಡ ಯಂತ್ರವೂ ಅದರ ಒಂದು ಪಾಲನ್ನು ದಾಟಿಸುತ್ತದೆ. ಮೂಲವೇ ಕೆಟ್ಟಿದ್ದರೆ ಹತ್ತು ಲಕ್ಷದ ಸ್ಪೀಕರು ಆ ಕೇಡನ್ನು ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ, ಅಷ್ಟೇ. ಇನ್ನೊಂದು ಮಾತೂ ಇದೆ. ಖಾನರೂ ಭೀಮಸೇನರೂ ಸೇರಿದ ಕಿರಾಣಾ ಘರಾಣೆಯ ಗಾಯನ ಒಂದೊಂದು ಸ್ವರವನ್ನೂ ತಂಬೂರಿಯ ನಾದದೊಳಗೆ ನಿಧಾನವಾಗಿ ಊರುವ ಗಾಯನ. ತಂಬೂರಿಯ ಜವಾರಿಯಿಂದ, ಅಂದರೆ ತಂತಿಯ ಝೇಂಕಾರದಿಂದ, ಏಳುವ ಮೇಲುಸ್ವರಗಳ ಜಾಲ ಕೇಳಿಸದಿದ್ದರೆ ಗಾಯಕ ಆ ಸ್ವರದ ಮೇಲೆ ಅಷ್ಟು ಹೊತ್ತು ಏಕೆ ನಿಂತ ಎಂಬುದೇ ತಿಳಿಯುವುದಿಲ್ಲ. ಅಗ್ಗದ ಸ್ಪೀಕರಿನಲ್ಲಿ ಮೊದಲು ಕಳೆದುಹೋಗುವುದೂ ಆ ಜಾಲವೇ. ಆದ್ದರಿಂದ ಧ್ವನಿಯ ನಿಷ್ಠೆ ನಮ್ಮ ಸಂಗೀತಕ್ಕೆ ಶೋಕಿಯ ಮಾತಲ್ಲ.

ಭೀಮಸೇನರ ಬಾಲ್ಯದ ಆ ದಿನಗಳಲ್ಲಿ ರಾಮಸಮುದ್ರದ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಹೈದರಾಬಾದಿನ ಡೆಕ್ಕನ್ ರೇಡಿಯೊ 1935ರಲ್ಲಿ ಶುರುವಾಯಿತು, ಧಾರವಾಡದ ಆಕಾಶವಾಣಿ 1950ರಲ್ಲಿ, ಕಲಬುರಗಿಯದು 1966ರಲ್ಲಿ. ಹಳ್ಳಿಯಲ್ಲಿ ರೇಡಿಯೊ ಮೊದಲು ಬಂದದ್ದು ಚಾವಡಿಗೆ, ಪಂಚಾಯಿತಿ ಕಟ್ಟೆಗೆ, ಒಬ್ಬಿಬ್ಬರು ಉಳ್ಳವರ ಮನೆಗೆ. ಕೇಳುವುದು ಗುಂಪಿನ ಕೆಲಸವಾಗಿತ್ತು. ಆಮೇಲೆ ಟೇಪ್ ರೆಕಾರ್ಡರ್ ಬಂತು, 1980ರ ದಶಕದಲ್ಲಿ ಕ್ಯಾಸೆಟ್ಟು ಊರೂರು ಸೇರಿತು. ಆಗಲೇ ಹಳ್ಳಿಯ ಎಲೆಕ್ಟ್ರಿಕ್ ಹುಡುಗರ ಕೈಯಲ್ಲಿ ಮತ್ತೊಂದು ಹವ್ಯಾಸ ಹುಟ್ಟಿತು. ಅದನ್ನು ಯಾರೂ ಹೈ-ಎಂಡ್ ಎಂದು ಕರೆಯಲಿಲ್ಲ, ನನ್ನ ಮಟ್ಟಿಗೆ ಮಾತ್ರ ಅದು ಅದೇ. ಎಲ್‌ಎ 4440 ಎಂಬ ಐ.ಸಿ. ಕೂರಿಸಿದ ಬೋರ್ಡು ತಂದು, ಹಳೆಯ ಟ್ರಾನ್ಸ್‌ಫಾರ್ಮರ್ ಹಚ್ಚಿ, ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟಿದರು. ಸ್ಪೀಕರಿಗೆ ಡಬ್ಬಿ ಮಾಡಿಸಲು ರೊಕ್ಕ ಸಾಲದಾದಾಗ ಮಣ್ಣಿನ ಗಡಿಗೆಯ ಬಾಯಿಗೆ ಅದನ್ನು ಬೋರಲು ಹಾಕಿದರು. ದಕ್ಷಿಣ ಭಾರತದ ಎಷ್ಟೋ ಚಹಾದಂಗಡಿಗಳಲ್ಲಿ ಈ ಗಡಿಗೆ ಸ್ಪೀಕರು ಹಾಡಿದೆ. ಇದನ್ನು ಹಳ್ಳಿಯವರ ಜುಗಾಡು ಎಂದು ತಳ್ಳಿಹಾಕುವುದು ತಪ್ಪು. ಡಬ್ಬಿ ಇಲ್ಲದ ಸ್ಪೀಕರಿನಲ್ಲಿ ಕಾಗದದ ಶಂಕುವಿನ ಮುಂದಿನ ಅಲೆಯನ್ನು ಹಿಂದಿನ ಅಲೆ ಕೊಲ್ಲುತ್ತದೆ, ತಗ್ಗಿನ ಸ್ವರ ಸತ್ತೇಹೋಗುತ್ತದೆ. ಗಡಿಗೆ ಆ ಹಿಂದಿನ ಅಲೆಯನ್ನು ಒಳಗೇ ಹಿಡಿದಿಡುತ್ತದೆ. ಅದರ ದುಂಡು ಮೈ ನಡುಗುವುದು ಕಡಿಮೆ. ಅಮೆರಿಕದ ಆರ್.ಸಿ.ಎ. ಕಂಪನಿಯ ಹ್ಯಾರಿ ಓಲ್ಸನ್ ಬೇರೆಬೇರೆ ಆಕಾರದ ಡಬ್ಬಿಗಳನ್ನು ಅಳೆದು, ಗೋಳಾಕಾರವೇ ಎಲ್ಲಕ್ಕಿಂತ ನಯವಾದ ಧ್ವನಿ ಕೊಡುತ್ತದೆ ಎಂದು 1950ರ ದಶಕದ ಆರಂಭದಲ್ಲೇ ತೋರಿಸಿದ್ದ. ಆ ಗೋಳಕ್ಕೆ ನಮ್ಮ ಗಡಿಗೆ ತೀರ ದೂರದ ನೆಂಟನಲ್ಲ.

ಮುಂದಿನ ತಲೆಮಾರು ಬಂದ ವೇಗ ದೊಡ್ಡದು. ಕ್ಯಾಸೆಟ್ಟಿನ ಜಾಗಕ್ಕೆ ನೂರಿನ್ನೂರು ಹಾಡು ತುಂಬಿದ ಎಂಪಿ3 ಸಿ.ಡಿ., ಅದರ ಜಾಗಕ್ಕೆ ಮೊಬೈಲ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಹಾಡು ತುಂಬಿಸಿಕೊಳ್ಳುವ ಮೆಮೊರಿ ಕಾರ್ಡ್, 2016ರ ಸೆಪ್ಟೆಂಬರಿನಲ್ಲಿ ಜಿಯೊದ ಅಗ್ಗದ ಇಂಟರ್‌ನೆಟ್ ಬಂದ ಮೇಲೆ ಅದೂ ಬೇಡವಾಯಿತು. ಈ ಬದಲಾವಣೆಯಲ್ಲಿ ಕಳೆದುಹೋದದ್ದು ಇದೆ. ಒಂದು ಕಡೆ ಕೂತು, ಮೊದಲಿಂದ ಕಡೆಯವರೆಗೆ, ಬೇರೆ ಕೆಲಸವಿಲ್ಲದೆ ಕೇಳುವ ರೂಢಿ ಹೋಯಿತು. ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡ ಮೇಲೆ ನಾಲ್ಕು ಜನ ಒಂದೇ ಹಾಡನ್ನು ಒಟ್ಟಿಗೆ ಕೇಳುವುದೂ ಹೋಯಿತು. ಗಳಿಸಿದ್ದನ್ನೂ ಹೇಳಬೇಕು. 1982ರಲ್ಲಿ ಸಿ.ಡಿ. ಬಂದಾಗ ಅದರ ಗುಣಮಟ್ಟದ ಧ್ವನಿ ಮನೆಗೆ ತರಲು ಶ್ರೀಮಂತರಾಗಿರಬೇಕಿತ್ತು. ಇಂದು ಎರಡು ಸಾವಿರ ರೂಪಾಯಿಯೊಳಗೆ ಸಿಗುವ, ಕಿವಿಯೊಳಗೆ ಕೂರುವ ತಂತಿಯ ಇಯರ್‌ಫೋನು, ಅದರ ಜೊತೆಗೊಂದು ಬೆರಳುದ್ದದ ಡಿ.ಎ.ಸಿ. (ಡಿಜಿಟಲ್ ಅಂಕಿಗಳನ್ನು ಧ್ವನಿಯ ಸಂಕೇತವಾಗಿಸುವ ಸಾಧನ) ಇದ್ದರೆ, ಆ ಕಾಲದ ದುಬಾರಿ ಸೆಟ್ಟುಗಳಿಗೂ ಹಿಡಿಯಲಾಗದಷ್ಟು ಕಡಿಮೆ ವಿಕೃತಿಯ ಧ್ವನಿ ರಾಮಸಮುದ್ರದ ಕಾಲೇಜು ಹುಡುಗಿಯ ಕಿವಿಗೂ ತಲುಪುತ್ತದೆ. ಅರಮನೆಗೂ ಹಳ್ಳಿಗೂ ನಡುವೆ ಇದ್ದ ಯಂತ್ರದ ಅಂತರ ಹೀಗೆ ಕುಸಿದದ್ದು ನಮ್ಮ ಕಾಲದ ದೊಡ್ಡ ಘಟನೆ. ಹವ್ಯಾಸ ಸಾಯುತ್ತಿದೆ ಎಂದು ಕೊರಗುವವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅವರ ಮೊದಲ ಆಕ್ಷೇಪಣೆ ಇದು: ಯಂತ್ರ ಸಿಕ್ಕರೇನು, ಇಂದಿನ ಹುಡುಗರಿಗೆ ಗುಣಮಟ್ಟವೇ ಬೇಕಿಲ್ಲ. ಈ ಮಾತಿಗೆ ಒಂದು ಕಾಲದಲ್ಲಿ ಪುರಾವೆಯೂ ಇದ್ದಂತೆ ಕಾಣುತ್ತಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೊನಾಥನ್ ಬರ್ಗರ್, ತನ್ನ ವಿದ್ಯಾರ್ಥಿಗಳಲ್ಲಿ ಎಂಪಿ3ಯ ಚುರುಗುಡುವ ಧ್ವನಿಯನ್ನೇ ಇಷ್ಟಪಡುವವರು ಹೆಚ್ಚುತ್ತಿದ್ದಾರೆ ಎಂದು 2009ರ ಸುಮಾರಿಗೆ ಹೇಳಿದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಹರ್ಮನ್ ಕಂಪನಿಯ ಸಂಶೋಧಕ ಶಾನ್ ಆಲಿವ್ ಅದನ್ನು ಹಾಗೇ ಒಪ್ಪಲಿಲ್ಲ. ಹೈಸ್ಕೂಲು, ಕಾಲೇಜು ಓದುವ ಹುಡುಗರನ್ನು ಕೂರಿಸಿ, ಯಾವುದು ಯಾವುದೆಂದು ಹೇಳದೆ, 128 ಕಿಲೊಬಿಟ್ಟಿನ ಎಂಪಿ3ಯನ್ನೂ ಸಿ.ಡಿ.ಯನ್ನೂ ಕೇಳಿಸಿದ. ಬೇರೆಬೇರೆ ಸ್ಪೀಕರುಗಳನ್ನೂ ಹಾಗೇ ಕೇಳಿಸಿದ. ಹೆಚ್ಚಿನವರು ಆರಿಸಿದ್ದು ಸಿ.ಡಿ.ಯನ್ನು, ಬಣ್ಣ ಬಳಿಯದ ನೇರ ಧ್ವನಿಯ ಸ್ಪೀಕರನ್ನು. 2012ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಮುಂದೆ ಆತ ಇದನ್ನು ಮಂಡಿಸಿದ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿಸಿದರೆ ಎಳೆಯ ಕಿವಿ ಒಳ್ಳೆಯದನ್ನೇ ಆರಿಸುತ್ತದೆ. ಕೇಳಿಸುವವರೇ ಇಲ್ಲದಿದ್ದರೆ ಅದಕ್ಕೆ ಸಿಕ್ಕಿದ್ದೇ ರುಚಿ. ಇದನ್ನು ಯುವಜನರ ದೋಷವೆಂದು ಬರೆದಿಡುವುದು ಅನ್ಯಾಯ. ಇನ್ನೊಂದು ಸಂಗತಿಯನ್ನು ಹಿರಿಯ ಹವ್ಯಾಸಿಗಳು ನೇರವಾಗಿ ಎದುರಿಸಬೇಕು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಆವರ್ತನಗಳನ್ನು. ಅರವತ್ತರ ಕಿವಿಗೆ ಕೇಳದ ಎಷ್ಟೋ ಸೂಕ್ಷ್ಮ ಹದಿನಾರರ ಕಿವಿಗೆ ಸಲೀಸಾಗಿ ಕೇಳುತ್ತದೆ. ಒಳ್ಳೆಯ ಧ್ವನಿಯ ನಿಜವಾದ ಹಕ್ಕುದಾರರು ಆ ಎಳೆಯರೇ.

ಎರಡನೆಯ ಆಕ್ಷೇಪಣೆ ಹೆಚ್ಚು ಗಂಭೀರವಾದದ್ದು. ಎರಡು ಸಾವಿರದ ಇಯರ್‌ಫೋನನ್ನೂ ಒಳ್ಳೆಯ ಸ್ಪೀಕರನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುತ್ತೀರಿ, ಹೈ-ಎಂಡ್ ಎಂಬುದು ಒಂದು ಕುಶಲಕಲೆ ಅಲ್ಲವೇ ಎಂದು ಅವರು ಕೇಳುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಎರಡು ಸ್ಪೀಕರುಗಳ ನಡುವೆ ಗಾಳಿಯಲ್ಲಿ ಗಾಯಕ ಇಲ್ಲಿ, ತಬಲಾ ಅಲ್ಲಿ, ಹಾರ್ಮೋನಿಯಂ ಅದರಾಚೆ ಎಂದು ಏಳುವ ಬಿಂಬ ಇಯರ್‌ಫೋನಿನಲ್ಲಿ ತಲೆಯೊಳಗೇ ಮುದುಡಿಬಿಡುತ್ತದೆ. ಡಗ್ಗಾದ ಗುಮುಕು ಎದೆಗೆ ತಾಗಬೇಕಾದರೆ ಗಾಳಿಯೇ ಅಲುಗಬೇಕು. ಆದ್ದರಿಂದ ಸ್ಪೀಕರು ಉಳಿಯಬೇಕು, ಅದನ್ನು ಕೋಣೆಯಲ್ಲಿ ಎಲ್ಲಿಡಬೇಕು, ಗೋಡೆಗೆ ಏನು ಹಚ್ಚಬೇಕು ಎಂಬ ಅರಿವೂ ಉಳಿಯಬೇಕು. ಉಳಿದರ್ಧದ ಬಗ್ಗೆ ನಾನು ದಾಕ್ಷಿಣ್ಯ ಮಾಡಲಾರೆ. ಬಾಸ್ಟನ್ನಿನ ಮೇಯರ್ ಮತ್ತು ಮೋರನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹೆಚ್ಚು ಸೂಕ್ಷ್ಮ ಧ್ವನಿಯದೆಂದು ಹೆಸರಾದ ಸೂಪರ್ ಆಡಿಯೊ ಸಿ.ಡಿ.ಯ ಧ್ವನಿಯನ್ನು ಸಾದಾ ಸಿ.ಡಿ.ಯ 16 ಬಿಟ್ಟಿಗೆ ಇಳಿಸಿ ಕೇಳಿಸಿದರೂ ಅನುಭವಿ ಕೇಳುಗರಿಗೆ ವ್ಯತ್ಯಾಸ ಹಿಡಿಯಲಾಗಲಿಲ್ಲ. ಹಾಗಿರುವಾಗ ಲಕ್ಷದ ತಂತಿ, ಯಂತ್ರದ ಕೆಳಗಿಡುವ ಲಕ್ಷದ ಮಣೆಗಳ ಸುತ್ತ ಬೆಳೆದ ನಂಬಿಕೆಗಳನ್ನು ಮುಂದಿನವರ ತಲೆಗೆ ಕಟ್ಟುವ ಅಗತ್ಯವಿಲ್ಲ. ಹವ್ಯಾಸದ ಆ ಭಾಗ ಹೋದರೆ ಹೋಗಲಿ. ಎಷ್ಟೋ ಯುವಕರನ್ನು ಬಾಗಿಲಲ್ಲೇ ಹಿಂದಿರುಗಿಸಿದ್ದು ಆ ದರಪಟ್ಟಿಯೇ.

ಎಲ್.ಪಿ. ತಟ್ಟೆಗಳ ಮರುಹುಟ್ಟನ್ನು ತೋರಿಸಿ ಸಮಾಧಾನ ಪಡುವವರೂ ಇದ್ದಾರೆ. ಅಮೆರಿಕದಲ್ಲಿ 2022ರಲ್ಲಿ 4 ಕೋಟಿ 10 ಲಕ್ಷ ಎಲ್.ಪಿ.ಗಳು ಮಾರಾಟವಾದವು, ಸಿ.ಡಿ.ಗಳು ಸುಮಾರು 3 ಕೋಟಿ 30 ಲಕ್ಷ. ಟೆಕ್ನಿಕ್ಸ್ ಕಂಪನಿ 2010ರಲ್ಲಿ ನಿಲ್ಲಿಸಿದ್ದ ತನ್ನ ಹೆಸರಾಂತ ಎಸ್‌ಎಲ್-1200 ಟರ್ನ್‌ಟೇಬಲನ್ನು 2016ರಲ್ಲಿ ಮತ್ತೆ ತಂದಿತು. ಸಂತೋಷದ ಸಂಗತಿಯೇ. ಆದರೆ ಅಲ್ಲಿ ತಟ್ಟೆ ಕೊಂಡವರಲ್ಲಿ ಅರ್ಧದಷ್ಟು ಜನರ ಬಳಿ ಅದನ್ನು ನುಡಿಸುವ ಯಂತ್ರವೇ ಇಲ್ಲ ಎಂದು 2023ರ ಸಮೀಕ್ಷೆಯೊಂದು ತೋರಿಸಿತು. ನೆನಪಿನ ವಸ್ತುವಾಗಿ ತಟ್ಟೆಯನ್ನು ಪ್ರೀತಿಸುವುದು ತಪ್ಪಲ್ಲ. ಅದು ಕೇಳುವ ಹವ್ಯಾಸದ ಪುನರುಜ್ಜೀವನವೆಂದು ಎಣಿಸುವುದು ಮಾತ್ರ ಅವಸರದ ತೀರ್ಮಾನ. ನಮ್ಮ ಸೀಮೆಯ ಹಾಡುಗಾರಿಕೆಯ ಬಹುಪಾಲು ಎಲ್.ಪಿ.ಯ ಮುಖವನ್ನೇ ಕಾಣಲಿಲ್ಲ, ಅದು ಇರುವುದು ಟೇಪಿನಲ್ಲಿ.

ನನಗೆ ನಿಜವಾದ ಅಪಾಯ ಕಾಣುವುದು ಇಲ್ಲಿ. ಕಡಕೋಳ ಮಡಿವಾಳಪ್ಪನ ತತ್ವಪದಗಳನ್ನು ಭಜನೆ ಮೇಳಗಳು ಹಾಡಿದ್ದು, ಮೊಹರಮ್ಮಿನ ರಿವಾಯತ ಪದಗಳು, ಹಂತಿ ಪದಗಳು, ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ: ಇವೆಲ್ಲ ಆಕಾಶವಾಣಿಯ ಟೇಪುಗಳಲ್ಲಿ, ಸಣ್ಣ ಕಂಪನಿಗಳ ಕ್ಯಾಸೆಟ್ಟುಗಳಲ್ಲಿ, ಜಾತ್ರೆಯಲ್ಲಿ ಯಾರೋ ಹಿಡಿದುಕೊಂಡ ಖಾಸಗಿ ಕ್ಯಾಸೆಟ್ಟುಗಳಲ್ಲಿ ಚದುರಿವೆ. ಟೇಪಿನ ಮೇಲೆ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಕಾಲಕ್ರಮೇಣ ಸಡಿಲುತ್ತದೆ, ನಮ್ಮ ಕಡೆಯ ಬಿಸಿಲು, ಧೂಳು ಆ ಕೆಲಸವನ್ನು ಬೇಗ ಮುಗಿಸುತ್ತವೆ. ಕೆಲವರು ಅಭಿಮಾನದಿಂದ ಕ್ಯಾಸೆಟ್ಟನ್ನು ಫೋನಿಗೆ ಕೇಳಿಸಿ ಯೂಟ್ಯೂಬಿಗೆ ಏರಿಸುತ್ತಾರೆ. ಏನೂ ಇಲ್ಲದ್ದಕ್ಕಿಂತ ಅದು ಮೇಲು, ನಿಜ. ಆದರೆ ಡೆಕ್ಕಿನ ಹೆಡ್ಡು ಟೇಪಿಗೆ ನೇರ ಲಂಬವಾಗಿ ಕೂರದಿದ್ದರೆ ಮೇಲಿನ ಸ್ವರಗಳೆಲ್ಲ ಮಂಕಾಗುತ್ತವೆ. ಒಂದು ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೆ ಅವು ಮರಳಿ ಬರುತ್ತವೆ. ವೇಗ ನೂರಕ್ಕೆ ಆರರಷ್ಟು ಹೆಚ್ಚಾದರೆ ಗಾಯಕರ ಶ್ರುತಿ ಅರ್ಧ ಸ್ವರ ಏರಿ, ಹಾಡಿದವರು ಬೇರೊಬ್ಬರೇ ಅನ್ನಿಸುತ್ತದೆ. ಸುಯ್ಯೆನ್ನುವ ಸದ್ದನ್ನು ಸಾಫ್ಟ್‌ವೇರಿನಲ್ಲಿ ಪೂರ್ತಿ ತೆಗೆಯಹೋದರೆ ತಂಬೂರಿಯೂ ಅದರೊಂದಿಗೆ ಹೋಗುತ್ತದೆ. ಇದನ್ನೆಲ್ಲ ಗುರುತಿಸುವ ಕಿವಿ, ಸರಿಪಡಿಸುವ ಕೈ, ಸುಸ್ಥಿತಿಯಲ್ಲಿರುವ ಹಳೆಯ ಡೆಕ್ಕು ಯಾರ ಬಳಿ ಇವೆ? ಅದೇ ಮುಪ್ಪಾಗುತ್ತಿರುವ ಹೈ-ಫೈ ಹವ್ಯಾಸಿಗಳ ಬಳಿ, ಊರೂರಿನ ಹಳೆಯ ಮೈಕ್‌ಸೆಟ್ ಮತ್ತು ಟೇಪ್ ರಿಪೇರಿಯವರ ಬಳಿ. ಕಂಪ್ಯೂಟರಿನ ಕೆಲಸ ಬಲ್ಲವರು ಅವರ ಮೊಮ್ಮಕ್ಕಳು. ಒಂದು ಹವ್ಯಾಸ ಕೈಯಿಂದ ಕೈಗೆ ದಾಟಲು ಇಷ್ಟು ಹದವಾದ ಕೆಲಸ ಮತ್ತೊಂದು ಸಿಗಲಾರದು.

ಇದು ಹಳೆಯದನ್ನು ಕಾಯುವ ಕೆಲಸವಾಯಿತು, ಹೊಸಬರಿಗೆ ಇದರಲ್ಲಿ ಏನಿದೆ ಎಂಬ ಪ್ರಶ್ನೆ ನ್ಯಾಯವಾದದ್ದು. ಉತ್ತರ ಕರ್ನಾಟಕದ ಜಾನಪದ ಹಾಡುಗಳನ್ನು ಇಂದು ಹುಡುಗರು ಸಣ್ಣ ಕೋಣೆಗಳಲ್ಲಿ, ಒಂದು ಲ್ಯಾಪ್‌ಟಾಪಿನಲ್ಲಿ ಮುದ್ರಿಸಿ ಯೂಟ್ಯೂಬಿಗೆ ಹಾಕುತ್ತಿದ್ದಾರೆ. ಮಹಾರಾಜರ ಕಾಲದಲ್ಲಿ ಲಂಡನ್ನಿನ ಸ್ಟುಡಿಯೊ ಬೇಕಿದ್ದ ಕೆಲಸ ಇದು. ಬಹಳಷ್ಟು ಹಾಡುಗಳಲ್ಲಿ ಎಲ್ಲವನ್ನೂ ಒಂದೇ ಎತ್ತರಕ್ಕೆ ಒತ್ತಿ, ಪಿಸುಮಾತನ್ನೂ ಕೂಗನ್ನೂ ಸಮ ಮಾಡಿಬಿಡುತ್ತಾರೆ. ಯೂಟ್ಯೂಬು ತನ್ನ ಮಟ್ಟಕ್ಕಿಂತ ಜೋರಾದ ಹಾಡನ್ನು ತಾನಾಗಿಯೇ ತಗ್ಗಿಸುತ್ತದೆ, ಆದ್ದರಿಂದ ಆ ಒತ್ತುವಿಕೆಯಿಂದ ಲಾಭವೇನೂ ಇಲ್ಲ, ಹಾಡಿನ ಉಸಿರು ಹೋಗುವುದಷ್ಟೇ ಫಲ. ಡಿ.ಜೆ. ಸೆಟ್ಟಿನ ಅಬ್ಬರವನ್ನೇ ಒಳ್ಳೆಯ ಧ್ವನಿ ಎಂದುಕೊಂಡು ಬೆಳೆದ ಕಿವಿಗೆ ಇದು ಗೊತ್ತಾಗುವುದಾದರೂ ಹೇಗೆ? ಅಸುರಕ್ಷಿತವಾಗಿ ಕೇಳುವುದರಿಂದ ಜಗತ್ತಿನ ನೂರು ಕೋಟಿಗೂ ಹೆಚ್ಚು ಯುವಜನರ ಕಿವಿ ಅಪಾಯದಲ್ಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಚ್ಚರಿಸಿದೆ. ತಗ್ಗಿನ ಧ್ವನಿಯಲ್ಲಿ ಪೂರ್ತಿ ಕೇಳಿಸುವ ಸೆಟ್ಟನ್ನು ಒಮ್ಮೆ ಕೇಳಿದ ಹುಡುಗ ತನ್ನ ಮುಂದಿನ ಹಾಡನ್ನು ಬೇರೆ ರೀತಿಯಲ್ಲಿ ಮುದ್ರಿಸುತ್ತಾನೆ. ಈ ಹವ್ಯಾಸಕ್ಕೆ ವಾರಸುದಾರರು ಬರುವುದು ಕೊಳ್ಳುವವರ ಸಾಲಿನಿಂದಲ್ಲ, ಹೀಗೆ ಹಾಡು ಮಾಡುವವರ ನಡುವಿನಿಂದ ಎಂದು ನಾನು ನಂಬುತ್ತೇನೆ.

ಇದಕ್ಕೆ ಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ಬೆಂಗಳೂರಿನ ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ವಸ್ತುಸಂಗ್ರಹಾಲಯದಲ್ಲಿ ಕೇಳುವುದಕ್ಕೆಂದೇ ಜಾಗಗಳಿವೆ. ವಿಕ್ರಮ್ ಸಂಪತ್ ಸ್ಥಾಪಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್, ಹಳೆಯ ಗ್ರಾಮೊಫೋನ್ ತಟ್ಟೆಗಳನ್ನು ಡಿಜಿಟಲ್ ಮಾಡಿ ಎಲ್ಲರಿಗೂ ಕೇಳಲು ಕೊಟ್ಟಿದೆ. ಅಂಥದ್ದು ಕಲ್ಯಾಣ ಕರ್ನಾಟಕದಲ್ಲೂ ಆಗಬೇಕು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ಒಂದು ಜೋಡಿ ಸಾಧಾರಣ ಬೆಲೆಯ ನೇರ ಧ್ವನಿಯ ಸ್ಪೀಕರು ಇಟ್ಟು, ವಾರಕ್ಕೊಂದು ತಾಸು ಫೋನು ಬದಿಗಿಟ್ಟು ಕೇಳುವ ವೇಳೆ ಗೊತ್ತುಮಾಡುವುದು ಯಾವ ಪಂಚಾಯಿತಿಗೂ ಭಾರವಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಕಲಬುರಗಿಯಲ್ಲೋ ಯಾದಗಿರಿಯಲ್ಲೋ ಒಂದು ಟೇಪ್ ವರ್ಗಾವಣೆ ಕೋಣೆ ಆಗಲಿ. ಹಕ್ಕುಸ್ವಾಮ್ಯದ ತೊಡಕು ಎಲ್ಲದಕ್ಕೂ ಇಲ್ಲ. ನಮ್ಮ ಕಾನೂನಿನ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷದ ಮಟ್ಟಿಗೆ ಮಾತ್ರ, ಉಳಿದವಕ್ಕೆ ಅನುಮತಿ ಕೇಳಬಹುದು.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಕೋರಿಕೆ. ಮನೆಯ ಅಟ್ಟದಲ್ಲಿ, ಪೆಟ್ಟಿಗೆಯಲ್ಲಿ ಭಜನೆಯ, ಮೊಹರಂ ಪದದ, ಬಯಲಾಟದ, ಅಜ್ಜಿಯ ಸೋಬಾನೆಯ ಕ್ಯಾಸೆಟ್ಟು ಇದ್ದರೆ ದಯವಿಟ್ಟು ಎಸೆಯಬೇಡಿ. ಹಾಡಿದವರು ಯಾರು, ಯಾವ ಊರು, ಯಾವ ವರ್ಷ ಎಂಬುದನ್ನು ಗೊತ್ತಿರುವವರನ್ನು ಇಂದೇ ಕೇಳಿ, ಒಂದು ಚೀಟಿಯಲ್ಲಿ ಬರೆದು ಅದರ ಡಬ್ಬಿಯೊಳಗಿಡಿ. ಬಿಸಿಲು ಬೀಳದ, ತೇವವಿಲ್ಲದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ.